ವಿಳಾಸಕ್ಕೆಷ್ಟು ಅಕ್ಷರ?

ಪತ್ರದ ಮೇಲೆ ವಿಳಾಸ ಬರೆಯುವ ವಿಷಯದಲ್ಲಿ ನಮ್ಮ ಹಿರಿಯರು ಜಿಪುಣರಾಗಿರಲಿಲ್ಲ. ಒಳಗಿನ ಒಕ್ಕಣೆ ಮೂರು ಸಾಲಿನದಾದರೂ ಹೊರಗಿನ ವಿಳಾಸ ಏಳು ಸಾಲಿನದು. ರಾಜಮಾನ್ಯ ರಾಜಶ್ರೀ ಎಂದು ತೊಡಗಿ, ಇಂಥವರ ಚಿರಂಜೀವ ಇಂಥವರಿಗೆ, ಇಂಥ ಗುಡಿಯ ಹಿಂದೆ, ಇಂಥವರ ವಾಡೆಯ ಎದುರಿಗೆ, ಇಂಥ ಓಣಿ, ಮುಕ್ಕಾಮು ಪೋಸ್ಟು ಧಾರವಾಡ ಎಂದು ಮುಗಿಯುವಷ್ಟರಲ್ಲಿ ಲಕೋಟೆಯ ಮೇಲೆ ಟಿಕೀಟು ಹಚ್ಚಲು ಎಡೆ ಉಳಿಯುತ್ತಿರಲಿಲ್ಲ. ಇದನ್ನು ಅಕ್ಷರಗಳ ದುಂದುವೆಚ್ಚವೆಂದು ಯಾರಾದರೂ ಅಂದಾರು. ಆದರೆ ಓಣಿಯ ಹೆಸರು ತಪ್ಪಿದ್ದರೆ ಗುಡಿಯ ಹೆಸರು ಅದನ್ನು ತಿದ್ದುತ್ತಿತ್ತು. ಗುಡಿಯೂ ತಪ್ಪಿದ್ದರೆ ತಂದೆಯ ಹೆಸರು ಕೈಹಿಡಿಯುತ್ತಿತ್ತು. ಎಲ್ಲವೂ ತಪ್ಪಿದ್ದರೆ ಅಂಚೆಯವನಂತೂ ಇದ್ದೇ ಇದ್ದ. ಆ ಹೆಚ್ಚಿನ ಅಕ್ಷರಗಳು ಕಾವಲು ಕಾಯುತ್ತಿದ್ದವು.

೧೯೭೨ರ ಅಗಸ್ಟ್ ೧೫ರಂದು ಅಂಚೆಯ ಇಲಾಖೆ ಈ ಏಳು ಸಾಲುಗಳ ಕೆಳಗೆ ಆರು ಅಂಕೆಗಳನ್ನು ಬರೆಯಿರಿ ಎಂದು ಹೇಳಿತು. ಪಿನ್‌ಕೋಡನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರರು ಸಂಸ್ಕೃತದ ಕವಿಗಳೂ ಆಗಿದ್ದರೆಂಬುದು ಸಾಹಿತ್ಯಪ್ರಿಯರಿಗೆ ಸಂತೋಷ ಕೊಡುವ ಸಂಗತಿ. ವೃತ್ತಗಳ ಗುರುಲಘುಗಳನ್ನು ಎಣಿಸಿದ ಕೈಯೇ ನಮ್ಮ ಊರುಗಳಿಗೂ ಅಂಕೆಗಳನ್ನು ಎಣಿಸಿಕೊಟ್ಟಿತು. ಮೊದಲಿನ ೫ ಎಂಬುದು ಕರ್ನಾಟಕ, ಆಂಧ್ರ, ತೆಲಂಗಾಣಗಳ ವಲಯ; ೫೮೦ ಎಂದರೆ ಧಾರವಾಡದ ವಿಂಗಡಣೆಯ ಜಿಲ್ಲೆ; ಉಳಿದ ಮೂರು ಅಂಚೆಮನೆಯ ಗುರುತು. ಧಾರವಾಡದ ಪ್ರಧಾನ ಅಂಚೆಮನೆ ೫೮೦೦೦೧, ಹುಬ್ಬಳ್ಳಿಯದು ೫೮೦೦೨೦. ಇದರಲ್ಲಿ ಒಂದು ಅಂಕೆಯೂ ವ್ಯರ್ಥವಾಗಿಲ್ಲ. ಹಾಗೆಯೇ ಒಂದು ಅಂಕೆಯನ್ನೂ ಕಾವಲಿಗೆ ನಿಲ್ಲಿಸಿಲ್ಲ. ಅವಸರದಲ್ಲಿ ೨೦ನ್ನು ೦೨ ಎಂದು ಬರೆದರೆ ಆ ಅಂಕೆಗಳು ತಾವಾಗಿ ದೂರು ಹೇಳಲಾರವು. ಆದರೂ ಕೇಡಿಲ್ಲ, ಮೇಲಿನ ಸಾಲಿನಲ್ಲಿ ಹುಬ್ಬಳ್ಳಿ ಎಂದು ಬರೆದಿದೆಯಲ್ಲ! ವೇಲಣಕರರು ಆರೇ ಅಂಕೆಗಳಲ್ಲಿ ಕೆಲಸ ತೀರಿಸಿದ್ದು ಆ ಏಳು ಸಾಲುಗಳ ಬೆಂಬಲ ಇದ್ದುದರಿಂದ.

ತೊಡಕು ಹುಟ್ಟುವುದು ಅಂಕೆ ಒಂಟಿಯಾಗಿ ನಿಂತಾಗ. ಬ್ಯಾಂಕಿನಿಂದ ಬ್ಯಾಂಕಿಗೆ ತಂತಿಯ ಮೂಲಕ ಹಣ ಕಳಿಸುವ ಪದ್ಧತಿಯನ್ನು ನೋಡಿರಿ. ಶಾಖೆಯನ್ನು ತೋರಿಸುವ ಐಎಫ್‌ಎಸ್‌ಸಿ ಸಂಕೇತಕ್ಕೆ ೧೧ ಅಕ್ಷರಾಂಕಗಳು: ನಾಲ್ಕು ಬ್ಯಾಂಕಿನವು, ಐದನೆಯದು ಮುಂದಿನ ಕಾಲಕ್ಕೆಂದು ಕಾದಿರಿಸಿದ ಸೊನ್ನೆ, ಆರು ಶಾಖೆಯವು. ಅದರೊಡನೆ ಖಾತೆಯ ಸಂಖ್ಯೆ, ಪಡೆಯುವವರ ಹೆಸರು. ೨೦೧೦ರ ಅಕ್ಟೋಬರದಲ್ಲಿ ರಿಸರ್ವ್ ಬ್ಯಾಂಕು, ಹಣ ಜಮಾ ಮಾಡುವಾಗ ಖಾತೆಯ ಸಂಖ್ಯೆಯೊಂದನ್ನೇ ನೆಚ್ಚಬಹುದೆಂದು ತಿಳಿಸಿತು. ಕೆಲಸ ಚುರುಕಾಯಿತು, ಹೆಸರು ಶೋಭೆಗೆ ಉಳಿಯಿತು. ಒಂದು ಅಂಕೆ ತಪ್ಪಿ ಹಣ ಬೇರೆಯವರ ಮನೆಗೆ ಹೋದರೆ ಹುಡುಕಿಕೊಂಡು ತಿರುಗುವ ಕಷ್ಟ ಕಳಿಸಿದವನ ಪಾಲಿಗೆ ಬಂದಿತು. ಹದಿನಾಲ್ಕು ವರ್ಷಗಳಿಗೂ ಮಿಕ್ಕಿ ಹೀಗೆ ನಡೆದ ಮೇಲೆ, ೨೦೨೫ರ ಏಪ್ರಿಲ್ ೧ರೊಳಗೆ ಖಾತೆದಾರನ ಹೆಸರನ್ನು ಕಳಿಸುವವನಿಗೆ ಮೊದಲೇ ತೋರಿಸುವ ಏರ್ಪಾಡು ಮಾಡಬೇಕೆಂದು ಅದೇ ಬ್ಯಾಂಕು ಅಪ್ಪಣೆ ಮಾಡಿತು. ಉಳಿಸಿದ ಅಕ್ಷರಗಳನ್ನು ಮರಳಿ ಕೊಡಬೇಕಾಯಿತು.

ಅಂಕೆಯೊಳಗೇ ಕಾವಲಿಡುವ ಉಪಾಯವೂ ಉಂಟು. ಪುಸ್ತಕಪ್ರಿಯರ ಕಪಾಟಿನಲ್ಲೇ ಅದರ ಮಾದರಿ ಸಿಗುತ್ತದೆ. ಹಳೆಯ ಪುಸ್ತಕಗಳ ಹಿಂಬದಿಯ ಐಎಸ್‌ಬಿಎನ್ ಹತ್ತು ಅಂಕೆಗಳದು. ಭಾರತದ್ದಾದರೆ ೮೧ರಿಂದ ಮೊದಲಾಗುವುದು. ಹತ್ತನೆಯ ಅಂಕೆ ಹಿಂದಿನ ಒಂಬತ್ತರಿಂದ ಲೆಕ್ಕ ಮಾಡಿ ಬರೆದದ್ದು. ಅದನ್ನು ತಾಳೆಯ ಅಂಕೆ ಎನ್ನೋಣ. ಲೆಕ್ಕ ೧೧ರ ಭಾಗಾಕಾರದ್ದಾದುದರಿಂದ ಒಮ್ಮೊಮ್ಮೆ ಶೇಷ ೧೦ ಬರುತ್ತಿತ್ತು, ಆಗ ರೋಮನ್ನರ ಹತ್ತನ್ನು, ಎಕ್ಸ್ ಅಕ್ಷರವನ್ನು, ಬರೆಯುತ್ತಿದ್ದರು. ಯಾವುದೇ ಒಂದು ಅಂಕೆ ತಪ್ಪಿದರೂ, ಪಕ್ಕಪಕ್ಕದ ಎರಡು ಅಂಕೆಗಳು ಅದಲುಬದಲಾದರೂ ಈ ಲೆಕ್ಕ ಹಿಡಿದುಬಿಡುತ್ತಿತ್ತು. ೨೦೦೭ರಲ್ಲಿ ಅಂಗಡಿಯ ಪಟ್ಟೆಗೆರೆಗಳ ಪದ್ಧತಿಗೆ ಹೊಂದಲೆಂದು ಸಂಖ್ಯೆಯನ್ನು ೧೩ಕ್ಕೆ ಬೆಳೆಸಿದರು, ಎಕ್ಸ್ ಮಾಯವಾಯಿತು. ಅದರ ಜೊತೆಗೆ ಕಾವಲೂ ತುಸು ಸಡಿಲಾಯಿತು: ಪಕ್ಕದಲ್ಲಿ ೧ ಮತ್ತು ೬, ಅಥವಾ ೨ ಮತ್ತು ೭, ಹೀಗೆ ಐದರ ಅಂತರದ ಅಂಕೆಗಳು ಅದಲುಬದಲಾದರೆ ಹೊಸ ಲೆಕ್ಕಕ್ಕೆ ಗೊತ್ತಾಗುವುದಿಲ್ಲ. ಮೂರು ಅಂಕೆ ಹೆಚ್ಚಾಗಿಯೂ ಭದ್ರತೆ ಕಡಿಮೆಯಾದ ವಿಚಿತ್ರವಿದು. ಆಧಾರಿನ ಹನ್ನೆರಡನೆಯ ಅಂಕೆಗೆ ಡಚ್ ಗಣಿತಜ್ಞ ವರ್ಹೂಫ್ ೧೯೬೯ರಲ್ಲಿ ತೋರಿಸಿದ ರೀತಿಯನ್ನು ಬಳಸಿದ್ದಾರೆ. ಅದು ಎಕ್ಸಿನ ಹಂಗಿಲ್ಲದೆ ಈ ಎರಡೂ ಬಗೆಯ ತಪ್ಪನ್ನು ಹಿಡಿಯುತ್ತದೆ.

ಇಷ್ಟೆಲ್ಲವನ್ನು ಯೋಚಿಸುವ ಪ್ರಸಂಗ ನನಗೆ ಒದಗಿದ್ದು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಅಣ್ಣನ ಮಗನಿಂದ. ಅವನು ಒಂದು ಕಾಗದದ ಚೂರನ್ನು ನನ್ನ ಮುಂದಿಟ್ಟ. ಅದರಲ್ಲಿ ಮೂವತ್ನಾಲ್ಕು ಇಂಗ್ಲಿಷ್ ಅಕ್ಷರಾಂಕಗಳು, ಸಣ್ಣವು ದೊಡ್ಡವು ಕಲಸಿಕೊಂಡು, ಅರ್ಥದ ಸುಳಿವೇ ಇಲ್ಲದೆ ಬಿದ್ದಿದ್ದವು. "ಕಾಕಾ, ಇದು ಬಿಟ್‌ಕಾಯಿನ್ ಕಳಸೋ ವಿಳಾಸ. ಇಲ್ಲಿ ಅಂಚೆಯವ ಇಲ್ಲ. ತಪ್ಪಿದರ ತಪ್ಪಿತು, ರೊಕ್ಕ ಹೋತು" ಎಂದ. ಆ ನಾಣ್ಯದ ಯೋಗ್ಯತೆಯ ಬಗೆಗೆ ನನಗೆ ನನ್ನವೇ ಸಂದೇಹಗಳಿವೆ. ಅವು ಇಲ್ಲಿ ಬೇಡ. ನನ್ನನ್ನು ಸೆಳೆದದ್ದು ಆ ವಿಳಾಸ. ಹೆಸರಿಲ್ಲ, ಓಣಿಯಿಲ್ಲ, ಮರಳಿ ಬಂದ ಪತ್ರಗಳನ್ನಿಡುವ ಕಚೇರಿಯೂ ಇಲ್ಲ. ಆ ಮೂವತ್ನಾಲ್ಕು ಅಕ್ಷರಗಳೇ ಗುಡಿ, ಅವೇ ವಾಡೆ, ಅವೇ ಅಂಚೆಯವ. ಹಾಗಿದ್ದ ಮೇಲೆ ಅವನ್ನು ಇನ್ನಷ್ಟು ಉದ್ದವಾಗಿ, ಇನ್ನಷ್ಟು ಕಾವಲಿನೊಡನೆ ಏಕೆ ಬರೆಯಬಾರದು?

ಏಕೆಂದರೆ ಬರೆದದ್ದನ್ನು ಇಡಬೇಕು. ಹುಬ್ಬಳ್ಳಿಯ ಅರಳೆಯ ವ್ಯಾಪಾರಿಯ ಅಂಗಡಿಯಲ್ಲಿ ಕಿರ್ದಿ ಒಂದೇ. ೨೦೦೯ರ ಜನವರಿಯಲ್ಲಿ ಸತೋಶಿ ನಾಕಾಮೋಟೊ ಎಂಬ ಗುಪ್ತನಾಮದವರು ಆರಂಭಿಸಿದ ಬಿಟ್‌ಕಾಯಿನ್ನಿನ ಕಿರ್ದಿಯಾದರೋ ಜಗತ್ತಿನಾದ್ಯಂತ ಸಾವಿರಾರು ಯಂತ್ರಗಳಲ್ಲಿ ಪ್ರತಿಯಾಗಿ ಕುಳಿತಿದೆ. ಬರೆದ ಸಾಲನ್ನು ಯಾರೂ ಅಳಿಸುವಂತಿಲ್ಲ. ೨೦೨೪ರ ಹೊತ್ತಿಗೆ ಅದು ೫೦೦ ಗಿಗಾಬೈಟುಗಳನ್ನು ದಾಟಿತ್ತು. ಒಂದು ಬೈಟ್ ಎಂದರೆ ಗಣಕಯಂತ್ರದ ಉಗ್ರಾಣದಲ್ಲಿ ಒಂದು ಇಂಗ್ಲಿಷ್ ಅಕ್ಷರ ಹಿಡಿಯುವ ಜಾಗ. ನೀವು ವಿಳಾಸಕ್ಕೆ ಒಂದು ಬೈಟ್ ಕೂಡಿಸಿದರೆ ಸಾವಿರಾರು ಮಂದಿ ಅದನ್ನು ಎಂದೆಂದಿಗೂ ಹೊರಬೇಕು; ಕಳಿಸುವವನು ಅದಕ್ಕೆ ಶುಲ್ಕವನ್ನೂ ತೆರಬೇಕು.

ಈ ಇಕ್ಕಟ್ಟಿನಲ್ಲಿ ಅದನ್ನು ಕಟ್ಟಿದವರು ನಡೆದ ದಾರಿ ಸ್ವಾರಸ್ಯವಾಗಿದೆ. ಪ್ರತಿಯೊಬ್ಬ ಹಣದೊಡೆಯನಿಗೆ ಒಂದು ಗುಟ್ಟಿನ ಕೀಲಿ, ಅದಕ್ಕೆ ಜೋಡಿಯಾಗಿ ಒಂದು ಬಹಿರಂಗ ಕೀಲಿ. ಬಹಿರಂಗ ಕೀಲಿಯೆಂಬುದು ಒಂದು ವಕ್ರರೇಖೆಯ ಮೇಲಿನ ಬಿಂದು. ಮೊದಲಿಗೆ ಅದರ ಎರಡು ನಿರ್ದೇಶಾಂಕಗಳನ್ನೂ ಬರೆದು ೬೫ ಬೈಟ್ ವೆಚ್ಚ ಮಾಡಿದರು. ರೇಖೆಯ ಸಮೀಕರಣ ಗೊತ್ತಿದ್ದ ಮೇಲೆ ಒಂದು ನಿರ್ದೇಶಾಂಕ ಮತ್ತು ಇನ್ನೊಂದು ಸಮವೋ ವಿಷಮವೋ ಎಂಬ ಗುರುತು ಸಾಕೆಂದು, ಮೆಟ್ರಿಕ್ ಓದಿದ ಹುಡುಗನಿಗೂ ಹೊಳೆಯಬಹುದಾದ ಯುಕ್ತಿಯಿಂದ, ಅದನ್ನು ೩೩ಕ್ಕೆ ಇಳಿಸಿದರು. ಅದನ್ನೂ ಎರಡು ಸಲ ಅರೆದು, ಹ್ಯಾಶ್ ಎಂಬ ಗಣಿತದ ಬೀಸುಗಲ್ಲಿನಲ್ಲಿ ಹಿಟ್ಟು ಮಾಡಿ, ೨೦ ಬೈಟಿನ ಬೆರಳಚ್ಚನ್ನು ತೆಗೆದರು. ಹಿಟ್ಟಿನಿಂದ ಕಾಳನ್ನು ಮರಳಿ ಪಡೆಯುವಂತಿಲ್ಲ. ಆದರೆ ಅದೇ ಕಾಳಿನಿಂದ ಅದೇ ಹಿಟ್ಟು ಬರುವುದು ನಿಶ್ಚಿತ. ಕಿರ್ದಿಯಲ್ಲಿ ವಿಳಾಸವೆಂದು ಕೂಡುವುದು ಈ ಇಪ್ಪತ್ತೇ ಬೈಟುಗಳು.

ಹಾಗಾದರೆ ಕಾವಲೆಲ್ಲಿ? ಇಲ್ಲಿಯೇ ಅವರ ಜಾಣತನ. ಮನುಷ್ಯನ ಕೈಗೆ ಕೊಡುವಾಗ ಮಾತ್ರ ಆ ಇಪ್ಪತ್ತಕ್ಕೆ ಮುಂದೆ ಒಂದು, ಹಿಂದೆ ನಾಲ್ಕು ಬೈಟ್ ಸೇರಿಸುತ್ತಾರೆ. ಹಿಂದಿನ ನಾಲ್ಕು ತಾಳೆಗೆ. ಅಡ್ಡಾದಿಡ್ಡಿ ತಪ್ಪಾದ ವಿಳಾಸವೊಂದು ಅವುಗಳ ಕಣ್ಣು ತಪ್ಪಿಸಿ ದಾಟುವ ಸಂಭವ ಸುಮಾರು ೪೨೯ ಕೋಟಿಯಲ್ಲಿ ಒಂದು. ಯಂತ್ರವು ವಿಳಾಸವನ್ನು ಓದಿ, ತಾಳೆ ನೋಡಿ, ಆ ನಾಲ್ಕನ್ನು ಹೊಸ್ತಿಲಲ್ಲೇ ಬಿಟ್ಟು, ಇಪ್ಪತ್ತನ್ನು ಮಾತ್ರ ಉಗ್ರಾಣದೊಳಕ್ಕೆ ಒಯ್ಯುತ್ತದೆ. ಕೈಗೊಂದು ರೂಪ, ಕಡತಕ್ಕೊಂದು ರೂಪ. ಕಾವಲಿನ ವೆಚ್ಚ ಬರೆಯುವವನ ಬೆರಳಿಗೆ, ಅದೂ ಒಂದು ಸಲ. ಕಿರ್ದಿಗೆ ಏನೂ ಇಲ್ಲ. ನಮ್ಮ ಹಿರಿಯರ ಏಳು ಸಾಲು ಲಕೋಟೆಯ ಮೇಲೆಯೇ ಉಳಿದು, ಅಂಚೆಮನೆಯ ರಜಿಸ್ಟರಿಗೆ ಇಳಿಯದಿದ್ದಂತೆ.

ಬರೆಯುವ ಅಕ್ಷರಗಳ ಆಯ್ಕೆಯಲ್ಲಿಯೂ ಕೈಯ ಬಗೆಗೆ ಕರುಣೆಯಿದೆ. ಅಂಕೆ ಹತ್ತು, ದೊಡ್ಡಕ್ಷರ ಇಪ್ಪತ್ತಾರು, ಸಣ್ಣಕ್ಷರ ಇಪ್ಪತ್ತಾರು; ಒಟ್ಟು ೬೨. ಇವುಗಳಿಂದ ಸೊನ್ನೆಯನ್ನೂ ಅದನ್ನು ಹೋಲುವ ದೊಡ್ಡ ಓ ಅಕ್ಷರವನ್ನೂ, ಒಂದಕ್ಕೆ ಹೋಲುವ ದೊಡ್ಡ ಐ ಮತ್ತು ಸಣ್ಣ ಎಲ್‌ಗಳನ್ನೂ ತೆಗೆದು ೫೮ ಉಳಿಸಿಕೊಂಡರು. ಇದು ನಮಗೆ ಹೊಸದೇನಲ್ಲ. ಧಾರವಾಡದ ಕೆಎ ೨೫, ಹುಬ್ಬಳ್ಳಿಯ ಕೆಎ ೬೩ ಎಂದು ಮೊದಲಾಗುವ ವಾಹನಗಳ ಫಲಕಗಳನ್ನು ನೋಡಿರಿ; ನಡುವಣ ಅಕ್ಷರಶ್ರೇಣಿಯಲ್ಲಿ ಇದೇ ಕಾರಣಕ್ಕೆ ಐ ಮತ್ತು ಓಗಳನ್ನು ಬಳಸುವುದಿಲ್ಲ. ನಾಲ್ಕು ಅಕ್ಷರ ಬಿಟ್ಟುದಕ್ಕೆ ವಿಳಾಸ ಕೂದಲೆಳೆಯಷ್ಟು ಉದ್ದವಾಗುತ್ತದೆ; ಓದುವ ಕಣ್ಣಿಗೆ ಅದರಿಂದಾಗುವ ಉಪಕಾರ ದೊಡ್ಡದು.

೨೦೧೫ರಲ್ಲಿ ಹೊರಟ ಇಥೀರಿಯಂ ಎಂಬ ಇನ್ನೊಂದು ಜಾಲದವರು ಇಷ್ಟು ಯೋಚಿಸಿದಂತೆ ಕಾಣುವುದಿಲ್ಲ. ಅದೇ ೨೦ ಬೈಟು, ಅದನ್ನು ಬರೆಯಲು ೪೦ ಅಕ್ಷರಾಂಕ. ತಾಳೆ ಎಂಬುದೇ ಇಲ್ಲ. ಒಂದು ಅಕ್ಷರ ತಪ್ಪಿದರೂ ಯಂತ್ರ ತಲೆಯಾಡಿಸಿ ಒಪ್ಪಿಕೊಳ್ಳುತ್ತಿತ್ತು. ಮರುವರ್ಷವೇ ಕೊರತೆ ಮನವರಿಕೆಯಾಯಿತು. ಆದರೆ ಅಷ್ಟರಲ್ಲಿ ಎಲ್ಲರ ಯಂತ್ರಗಳೂ ನಲವತ್ತಕ್ಕೆ ಒಗ್ಗಿಹೋಗಿದ್ದವು. ಒಮ್ಮೆ ಬೇರೂರಿದ ಸಂಕೇತವನ್ನು ಕೀಳುವುದು ಎಷ್ಟು ಕಷ್ಟವೆಂಬುದನ್ನು ನಮ್ಮ ರೈಲುನಿಲ್ದಾಣ ಬಲ್ಲದು: ೨೦೧೪ರಲ್ಲಿ ಊರಿನ ಹೆಸರು ಸರಕಾರಿ ಇಂಗ್ಲಿಷಿನಲ್ಲಿಯೂ ಹುಬ್ಬಳ್ಳಿಯಾಯಿತು, ೨೦೨೦ರಲ್ಲಿ ನಿಲ್ದಾಣಕ್ಕೆ ಶ್ರೀ ಸಿದ್ಧಾರೂಢ ಸ್ವಾಮೀಜಿಯವರ ಹೆಸರು ಬಂದಿತು, ರೈಲ್ವೆಯ ಕಡತದಲ್ಲಿ ಮಾತ್ರ ಅದು ಇನ್ನೂ ಯುಬಿಎಲ್. ಸಿಂಡಿಕೇಟ್ ಬ್ಯಾಂಕು ೨೦೨೦ರಲ್ಲಿ ಕೆನರಾ ಬ್ಯಾಂಕಿನೊಡನೆ ಕೂಡಿಕೊಂಡಾಗ ಹಳೆಯ ಸಂಕೇತಗಳನ್ನು ೨೦೨೧ರ ಜುಲೈಯಿಂದ ರದ್ದು ಮಾಡಿದರು ನಿಜ. ಅಲ್ಲಿ ನೋಟೀಸು ಹಚ್ಚಲು ಒಂದು ಕಚೇರಿಯಿತ್ತು. ಒಡೆಯನಿಲ್ಲದ ಜಾಲದಲ್ಲಿ ಯಾರು ಹಚ್ಚಬೇಕು, ಯಾವ ಗೋಡೆಗೆ?

ಇಥೀರಿಯಮ್ಮಿನವರು ಕಂಡುಕೊಂಡ ಉಪಾಯಕ್ಕೆ ನಾನು ತಲೆದೂಗಿದೆ. ಉದ್ದವನ್ನು ಒಂದಿಷ್ಟೂ ಬೆಳೆಸದೆ, ಇದ್ದ ಅಕ್ಷರಗಳಲ್ಲಿಯೇ ಕೆಲವನ್ನು ದೊಡ್ಡದಾಗಿ, ಕೆಲವನ್ನು ಸಣ್ಣದಾಗಿ ಬರೆದು, ಆ ದೊಡ್ಡ-ಸಣ್ಣಗಳ ವಿನ್ಯಾಸದಲ್ಲಿಯೇ ತಾಳೆಯನ್ನು ಅಡಗಿಸಿದರು. ನಲವತ್ತರಲ್ಲಿ ಸರಾಸರಿ ಹದಿನೈದು ಮಾತ್ರ ಅಕ್ಷರಗಳಾಗಿದ್ದು ಉಳಿದವು ಅಂಕೆಗಳಾದ್ದರಿಂದ ಈ ಕಾವಲು ಬಡವಾದದ್ದು: ತಪ್ಪು ದಾಟಿಹೋಗುವ ಸಂಭವ ಸುಮಾರು ನಾಲ್ಕು ಸಾವಿರದಲ್ಲಿ ಒಂದು. ಜಾಗ ಕೊಡದೆ ಪಡೆದ ಕಾವಲು ಅಷ್ಟೇ ಇದ್ದೀತು. ದೊಡ್ಡಕ್ಷರ-ಸಣ್ಣಕ್ಷರಗಳ ಭೇದವನ್ನೇ ಅರಿಯದ ಕನ್ನಡಿಗನಿಗೆ ಇದು ತುಸು ಅನ್ಯಾಯವೂ ಹೌದು. ಫೋನಿನಲ್ಲಿ ಓದಿ ಹೇಳುವಾಗ "ದೊಡ್ಡ ಎ, ಸಣ್ಣ ಬಿ" ಎನ್ನುತ್ತ ಯಾರು ಕೂಡುತ್ತಾರೆ?

ಪೀಟರ್ ವುಯಿಲ್ಲೆ ಮತ್ತು ಗ್ರೆಗರಿ ಮ್ಯಾಕ್ಸ್‌ವೆಲ್ ಎಂಬಿಬ್ಬರು ೨೦೧೭ರಲ್ಲಿ ಬಿಟ್‌ಕಾಯಿನ್ನಿಗೆ ಹೊಸ ಬರವಣಿಗೆಯನ್ನು ಸೂಚಿಸಿದಾಗ ಈ ಬಾಯಿಮಾತಿನ ತೊಂದರೆಯನ್ನು ಗಮನದಲ್ಲಿಟ್ಟುಕೊಂಡರು. ಬೆಕ್‌೩೨ ಎಂದು ಅದರ ಹೆಸರು. ಮೂವತ್ತೆರಡೇ ಚಿಹ್ನೆಗಳು, ಎಲ್ಲವೂ ಒಂದೇ ಗಾತ್ರದವು. ಆರು ಅಕ್ಷರ ತಾಳೆಗೆ. ಉದ್ದ ೩೪ರಿಂದ ೪೨ಕ್ಕೆ ಏರಿತು. ಆ ಎಂಟಕ್ಕೆ ಪ್ರತಿಯಾಗಿ ಸಿಕ್ಕಿದ್ದು ಬರಿಯ ಸಂಭವವಲ್ಲ, ಭರವಸೆ: ನಾಲ್ಕು ಅಕ್ಷರಗಳವರೆಗಿನ ಯಾವ ಬದಲಾವಣೆಯೂ ಸಿಕ್ಕಿಬೀಳದೆ ಹೋಗದು. ಇಷ್ಟು ಗಣಿತದ ಬಿಗುವಿನಲ್ಲಿಯೂ ಒಂದು ಬಿರುಕು ಉಳಿದಿತ್ತು. ವಿಳಾಸ ಪಿ ಅಕ್ಷರದಿಂದ ಮುಗಿದರೆ ಅದರ ಹಿಂದೆ ಕ್ಯೂ ಅಕ್ಷರವನ್ನು ಎಷ್ಟು ಸಲ ತುರುಕಿದರೂ ತೆಗೆದರೂ ತಾಳೆ ಸರಿಯೆಂದೇ ಹೇಳುತ್ತಿತ್ತು! ಆಗ ರೂಢಿಯಲ್ಲಿದ್ದ ವಿಳಾಸಗಳ ಉದ್ದ ಗೊತ್ತುಪಡಿಸಿದ್ದಾದ್ದರಿಂದ ಅನಾಹುತವಾಗಲಿಲ್ಲ. ಮುಂದಿನ ಮಾದರಿಗಾಗಿ ಲೆಕ್ಕದೊಳಗಿನ ಒಂದು ಸ್ಥಿರಾಂಕವನ್ನು ಬದಲಿಸಿ ಬಿರುಕನ್ನು ಮುಚ್ಚಿದರು.

ಉದ್ದವನ್ನು ಬೇಡುವುದು ಕೈತಪ್ಪೊಂದೇ ಅಲ್ಲ, ಕಳ್ಳತನವೂ ಬೇಡುತ್ತದೆ. ಒಂದು ಸಂಘದ ಹಣಕ್ಕೆ ಮೂವರು ವಿಶ್ವಸ್ತರಿದ್ದು ಇಬ್ಬರ ಸಹಿ ಬೇಕೆಂದು ಭಾವಿಸಿರಿ. ಮೂವರಲ್ಲೊಬ್ಬ ಕುಟಿಲನಾಗಿದ್ದರೆ, ಒಂದೇ ಬೆರಳಚ್ಚು ಬರುವಂಥ ಎರಡು ಕರಾರುಗಳನ್ನು ಹುಡುಕಿ, ಸಾಧುವಾದದ್ದನ್ನು ತೋರಿಸಿ ಇನ್ನೊಂದರಿಂದ ಹಣ ಎತ್ತಬಹುದು. ಇಂಥ ಜೋಡಿ ಸಿಗುವುದು ಎಣಿಸಿದ್ದಕ್ಕಿಂತ ಸುಲಭ. ಶಿಕ್ಷಕರು ತಮ್ಮ ವರ್ಗದಲ್ಲಿಯೇ ನೋಡಬಹುದು: ನನ್ನದೇ ಹುಟ್ಟಿದ ದಿನದವನೊಬ್ಬ ವರ್ಗದಲ್ಲಿರುವ ಸಂಭವ ಅರ್ಧಕ್ಕೆ ಬರಬೇಕಾದರೆ ೨೫೩ ಹುಡುಗರು ಬೇಕು, ಯಾರಾದರೂ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಂಭವಕ್ಕಾದರೆ ೨೩ ಸಾಕು. ಅದೇ ನ್ಯಾಯದಿಂದ ೨೦ ಬೈಟಿನ ಬೆರಳಚ್ಚಿನಲ್ಲಿ ಜೋಡಿ ಹುಡುಕಲು ಎರಡರ ಎಂಬತ್ತನೆಯ ಘಾತದಷ್ಟು ಲೆಕ್ಕ ಮಾಡಿದರೆ ಸಾಕಾಗುತ್ತದೆ. ಅದು ಸಣ್ಣ ಸಂಖ್ಯೆಯಲ್ಲ. ಆದರೆ ಬಿಟ್‌ಕಾಯಿನ್ ಜಾಲದ ಯಂತ್ರಗಳೆಲ್ಲ ಕೂಡಿ ಈಗ ಒಂದು ದಿನದಲ್ಲಿ ಅದಕ್ಕಿಂತ ಹೆಚ್ಚು ಲೆಕ್ಕ ಮಾಡುತ್ತವೆ. ಆದುದರಿಂದ ಹೊಸ ಪದ್ಧತಿಯಲ್ಲಿ ಒಬ್ಬನೇ ಒಡೆಯನಿದ್ದಲ್ಲಿ ೨೦ ಬೈಟು, ಹಲವರು ಕೂಡಿದಲ್ಲಿ ೩೨ ಎಂದು ಗೊತ್ತುಮಾಡಿದರು. ಪಾಲುದಾರರು ಹೆಚ್ಚಾದಂತೆ ಕರಾರುಪತ್ರ ಉದ್ದವಾಗುವುದು ನಮ್ಮ ನೋಂದಣಿ ಕಚೇರಿಗಳಲ್ಲಿಯೂ ಕಂಡದ್ದೇ.

ಇನ್ನು ವೆಚ್ಚ ಯಾರದು ಎಂಬ ಪ್ರಶ್ನೆ. ಬೆರಳಚ್ಚಿನಿಂದ ಉಳಿಯಿತೆಂದ ಜಾಗ ನಿಜವಾಗಿ ಉಳಿಯಿತೆ? ಹಣವನ್ನು ಮುಂದೆ ಖರ್ಚು ಮಾಡುವ ದಿನ ಒಡೆಯನು ತನ್ನ ಪೂರ್ಣ ಕೀಲಿಯನ್ನು ತೋರಿಸಲೇಬೇಕು. ಆ ೩೩ ಬೈಟು ಆಗ ಕಿರ್ದಿಗೆ ಬಿದ್ದೇ ಬೀಳುತ್ತವೆ, ಜೊತೆಗೆ ಸುಮಾರು ೭೨ ಬೈಟಿನ ಸಹಿ. ೨೦೨೧ರ ನವೆಂಬರದಲ್ಲಿ ಜಾರಿಗೆ ಬಂದ ಟ್ಯಾಪ್‌ರೂಟ್ ಎಂಬ ಮಾದರಿಯವರು ಬೆರಳಚ್ಚನ್ನು ಬಿಟ್ಟು ಕೀಲಿಯನ್ನೇ, ೩೨ ಬೈಟಾಗಿ, ವಿಳಾಸದಲ್ಲಿ ಬರೆದರು. ಹಣ ಬಂದಾಗ ಬರೆಯುವ ಬೀಗದ ಸಾಲು ೨೨ ಬೈಟಿನಿಂದ ೩೪ಕ್ಕೆ ಏರಿತು. ತೆಗೆಯುವಾಗ ೬೪ ಬೈಟಿನ ಸಹಿಯೊಂದೇ ಸಾಕಾಯಿತು. ಎರಡನ್ನೂ ಕೂಡಿಸಿದರೆ ಲಾಭವೇ. ಆದರೆ ಕಳಿಸುವವನ ವೆಚ್ಚ ಹೆಚ್ಚಿ ಪಡೆದವನ ವೆಚ್ಚ ಇಳಿಯಿತು. ಟಿಕೀಟು ಹಚ್ಚದೆ ಹಾಕಿ, ಪಡೆದವನಿಂದ ಇಮ್ಮಡಿ ವಸೂಲು ಮಾಡಿಸುತ್ತಿದ್ದ ಬೇರಿಂಗ್ ಪತ್ರ ಹಿರಿಯರಿಗೆ ನೆನಪಿರಬಹುದು. ಹಳೆಯ ವಿಳಾಸದಲ್ಲಿ ಆ ಬೇರಿಂಗಿನ ಅಂಶ ಸ್ವಲ್ಪ ಇತ್ತು. ಹೊಸದು ಟಿಕೀಟನ್ನು ಮೊದಲೇ ಹಚ್ಚಿಸುತ್ತದೆ. ಖರ್ಚಾಗದೆ ಉಳಿದ ಹಣದ ಪಟ್ಟಿಯನ್ನು ಪ್ರತಿ ಯಂತ್ರವೂ ಕೈಯಳತೆಯಲ್ಲೇ ಇಟ್ಟುಕೊಳ್ಳಬೇಕಾದ್ದರಿಂದ ಆ ೧೨ ಬೈಟುಗಳ ಭಾರ ಹೊರುವವರು ಮೂರನೆಯವರೂ ಹೌದು. ಕೀಲಿ ಬಯಲಿನಲ್ಲಿರುವುದರಿಂದ ಮುಂದೆಂದಾದರೂ ಕ್ವಾಂಟಂ ಯಂತ್ರಗಳು ಬಲಿತರೆ ಕೇಡೆಂದು ವಾದಿಸುವವರೂ ಇದ್ದಾರೆ. ನನಗೆ ಅವರ ಮಾತು ತಳ್ಳಿಹಾಕತಕ್ಕದ್ದೆನಿಸಲಿಲ್ಲ.

ಇಷ್ಟೆಲ್ಲ ಕಾವಲಿಟ್ಟರೂ ಕಣ್ಣಿನ ಸೋಮಾರಿತನಕ್ಕೆ ಮದ್ದಿಲ್ಲ. ನಲವತ್ತು ಅಕ್ಷರಗಳನ್ನು ಯಾರೂ ಪೂರ್ತಿ ಓದುವುದಿಲ್ಲ. ಮೊದಲಿನ ನಾಲ್ಕು, ಕೊನೆಯ ನಾಲ್ಕು ನೋಡಿ ಬಿಡುತ್ತಾರೆ. ಇದನ್ನರಿತ ಠಕ್ಕರು ತುದಿಗಳೆರಡೂ ಹೋಲುವಂಥ ವಿಳಾಸವನ್ನು ಹುಟ್ಟಿಸಿ, ಅದರಿಂದ ಸೊನ್ನೆಯಂಥ ಮೊತ್ತವನ್ನು ಕಳಿಸಿ, ನಿಮ್ಮ ಲೆಕ್ಕದ ಪಟ್ಟಿಯಲ್ಲಿ ಅದು ಕಾಣುವಂತೆ ಮಾಡುತ್ತಾರೆ. ಮುಂದಿನ ಸಲ ನೀವು ಪಟ್ಟಿಯಿಂದ ಅದನ್ನೇ ನಕಲು ಮಾಡಿಕೊಂಡರೆ ಮುಗಿಯಿತು. ತಾಳೆ ಇಲ್ಲಿ ನಿರುಪಾಯ, ಏಕೆಂದರೆ ಠಕ್ಕನ ವಿಳಾಸವೂ ತಾಳೆಗೆ ಸರಿಯಾದದ್ದೇ. ೨೦೨೪ರ ಮೇ ತಿಂಗಳಲ್ಲಿ ಇಥೀರಿಯಂ ಜಾಲದಲ್ಲಿ ಒಬ್ಬರು ಹೀಗೆ ಸುಮಾರು ೬.೮ ಕೋಟಿ ಡಾಲರು ಬೆಲೆಯ ಹಣವನ್ನು ಕಳಿಸಿಬಿಟ್ಟರು. ಬಹುಪಾಲು ಮರಳಿ ಬಂದಿತೆಂಬುದು ಠಕ್ಕನ ಮನಸ್ಸಿನ ಮಾತೇ ಹೊರತು ಪದ್ಧತಿಯ ಗುಣವಲ್ಲ.

ಸಂಖ್ಯೆಯನ್ನು ಮಾತಾಗಿಸಿದರೆ ಕಣ್ಣು ಎಚ್ಚರವಾಗಿರುತ್ತದೆಂಬುದನ್ನು ನಮ್ಮ ಪ್ರಾಚೀನರು ಅರಿತಿದ್ದರು. ಕಟಪಯಾದಿಯ ಕ್ರಮದಲ್ಲಿ ಮೇಚಕಲ್ಯಾಣಿಯ ಮೊದಲೆರಡು ಅಕ್ಷರಗಳು ೫ ಮತ್ತು ೬. ತಿರುಗಿಸಿದರೆ ೬೫ನೆಯ ಮೇಳ. ಹಿಂದುಸ್ತಾನಿಯಲ್ಲೇ ಕಿವಿ ಬೆಳೆದ ಧಾರವಾಡದವರಿಗೂ ಕಲ್ಯಾಣಿ ಎಂದರೆ ಮರೆಯದು, ೬೫ ಎಂದರೆ ಮರೆತೀತು. ಇದನ್ನೇ 'ಕನ್ನಡದ ವಿಳಾಸ'ವಾಗಿ ಬೆಳೆಸಬಾರದೇಕೆಂದು ನಾನು ಮತ್ತು ಆ ಹುಡುಗ ಒಂದು ಸಂಜೆ ಲೆಕ್ಕ ಹಾಕಿದೆವು. ಮೂವತ್ನಾಲ್ಕು ವ್ಯಂಜನಗಳಲ್ಲಿ ಙ ಞಗಳನ್ನು ಬಿಟ್ಟರೆ ೩೨. ಅವಕ್ಕೆ ಎಂಟು ಸ್ವರಗಳನ್ನು ಕೂಡಿಸಿದರೆ ೨೫೬ ಗುಣಿತಾಕ್ಷರಗಳು. ಒಂದು ಬೈಟು ತಾಳುವ ಬೆಲೆಗಳೂ ಸರಿಯಾಗಿ ಅಷ್ಟೇ! ಹಾಗಾದರೆ ೨೦ ಬೈಟಿಗೆ ೨೦ ಅಕ್ಷರ ಸಾಕು. ೩೨ ಬೈಟಿನ ಟ್ಯಾಪ್‌ರೂಟ್ ಕೀಲಿ ೩೨ ಅಕ್ಷರಗಳಲ್ಲಿ, ಎಂದರೆ ಒಂದು ಅನುಷ್ಟುಪ್ ಶ್ಲೋಕದ ಅಳತೆಯಲ್ಲಿ, ಕೂಡುತ್ತದೆ. ನಾನು ಹಿಗ್ಗಿದೆ.

ಹುಡುಗ ನಕ್ಕ. ಕಣ್ಣಿಗೆ ಗಿಡ್ಡವಾದದ್ದು ಯಂತ್ರಕ್ಕೆ ಗಿಡ್ಡವಲ್ಲವೆಂದ. ಈಗಿನ ಲೋಕರೂಢಿಯ ಸಂಕೇತದಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟು. ಸ್ವರ ಸೇರಿದರೆ ಆರು. ಹುಬ್ಬಳ್ಳಿ ಎಂದು ಬರೆದರೆ ಒತ್ತು, ಗುಡಿಸು, ಕೊಂಬು ಎಲ್ಲ ಸೇರಿ ೨೭ ಬೈಟು. ಜಗತ್ತಿನ ಯಾವ ಮೂಲೆಗಾದರೂ ಹಣ ಮುಟ್ಟಿಸುವ ಬಿಟ್‌ಕಾಯಿನ್ ವಿಳಾಸವೇ ಇಪ್ಪತ್ತರಲ್ಲಿ ಮುಗಿದಿರಲು ನಮ್ಮ ಊರಿನ ಹೆಸರೊಂದಕ್ಕೇ ಇಪ್ಪತ್ತೇಳು! ಧಾರವಾಡದವರು ಹೆಮ್ಮೆಪಡಲಿ, ಅವರದು ಹದಿನೆಂಟೇ. ಹಾಗಾದರೆ ಕಾಗದದ ಮೇಲೆ ಮಾತ್ರ ಈ ರೂಪವಿರಲಿ, ಉಗ್ರಾಣಕ್ಕೆ ಹಳೆಯದೇ ಹೋಗಲಿ ಎಂದೆ. ಅದಕ್ಕವನು ಒಪ್ಪಿದ, ಆದರೆ ದ-ಧ, ಬ-ಭ, ಪ-ವ, ಘ-ಫ ಇವುಗಳಲ್ಲಿ ಒಂದೊಂದನ್ನು ತೆಗೆಯಬೇಕು, ಇಲ್ಲವಾದರೆ ಕೈಬರಹದಲ್ಲಿ ಓದಿದವನು ಕೆಟ್ಟ ಎಂದು ಹಟ ಹಿಡಿದ. ತೆಗೆದರೆ ವ್ಯಂಜನಗಳು ೨೮ಕ್ಕೆ ಇಳಿಯುತ್ತವೆ, ೨೫೬ ತುಂಬುವುದಿಲ್ಲ, ಶ್ಲೋಕ ಉದ್ದವಾಗುತ್ತದೆ. ಅದೂ ಇರಲಿ, ಧಕಾರ ಬಿಟ್ಟು ಧಾರವಾಡವನ್ನು ಹೇಗೆ ಬರೆಯುವುದೆಂದು ನಾನು ಕೇಳಿದೆ. ಪಟ್ಟಿಯನ್ನು ಇನ್ನೂ ತಿದ್ದುತ್ತಲೇ ಇದ್ದೇವೆ.